ಆರು ಗಂಟೆಯ ಮರಳು

ವಿಲ್ಸನ್ ಗಾರ್ಡನ್ನು, ಒಂಬತ್ತನೇ ಕ್ರಾಸು, ಹೊಲಿಗೆ ಕ್ಲಾಸಿನ ಮಹಡಿ.
ಚಪ್ಪಲಿ ಕೆಳಗೆ ಬಿಟ್ಟು ಹತ್ತಿದರೆ
ಹದಿನಾಲ್ಕು ಜನ ಆಪ್ತಸಮಾಲೋಚಕರು,
ಏಳು ಟ್ರೇ, ಒಂದು ಮೂಟೆ ಮರಳು.
"ನದಿಯದ್ದು ಸಿಗಲಿಲ್ಲ, ಎಂ-ಸ್ಯಾಂಡು,
ಕೈಗೆ ಸ್ವಲ್ಪ ಚುಚ್ಚುತ್ತೆ" ಎಂದಳು
ತರಬೇತಿ ಕೊಡಲು ಬಂದ ಫ್ಲೇವಿಯಾ.
ನನ್ನ ಸರ್ವಿಸ್ಸಿಗಿಂತ ಅವಳ ವಯಸ್ಸು ನಾಲ್ಕೇ ವರ್ಷ ಹೆಚ್ಚು.

ಬಂದದ್ದು ಸರ್ಟಿಫಿಕೇಟಿಗೆ, ಹೇಳಿಬಿಡುತ್ತೇನೆ.
ವರ್ಷಕ್ಕಿಷ್ಟು ಗಂಟೆ ಕಲಿಯಲೇಬೇಕೆಂದು ಸುತ್ತೋಲೆ.
"ಪರೀಕ್ಷೆ ಇಲ್ಲ, ಊಟ ಇದೆ" ಎಂದಿದ್ದರು ಆಫೀಸಿನಲ್ಲಿ.

ಕೌಟುಂಬಿಕ ನ್ಯಾಯಾಲಯದ ಪಕ್ಕದ ಕೋಣೆಯಲ್ಲಿ
ಇಪ್ಪತ್ತೆರಡು ವರ್ಷದಿಂದ ಕೇಳುತ್ತಾ ಬಂದವಳು ನಾನು.
ಕೇಳು ಎಂಬುದಕ್ಕೆ ನಮ್ಮಲ್ಲಿ ಎರಡು ಅರ್ಥ:
ಕಿವಿ ಕೊಡುವುದು, ಪ್ರಶ್ನೆ ಹಾಕುವುದು.
ಎರಡನೆಯದೇ ಅಭ್ಯಾಸವಾಗಿ ಹೋಗಿದೆ.
ಮೊದಲು ಯಾರು ಕೈ ಎತ್ತಿದ್ದು, ಒಡವೆ ಎಷ್ಟು,
ಮಗು ಯಾರ ಹತ್ತಿರ, ವಾರಕ್ಕೆಷ್ಟು ದಿನ.
ಫಾರಂ ತುಂಬುವವರೆಗೆ ಅಳು ತಡ್ಕೊಳ್ಳಿ ಎಂದೂ
ಒಮ್ಮೆ ಅಂದಿದ್ದೇನೆ. ಸುಳ್ಳೇಕೆ.

ಟೇಬಲ್ಲಿನ ಮೇಲೆ ಚಿಕ್ಕಪೇಟೆಯಿಂದ ಕಿಲೋ ಲೆಕ್ಕದಲ್ಲಿ ತಂದ ಲೋಕ:
ಬಾಲ ಮುರಿದ ಹುಲಿ, ಬೇಲಿ, ಬಾವಿ,
ಮೂರು ಚಕ್ರದಲ್ಲಿ ಎರಡೇ ಉಳಿದ ಆಟೋ,
ಯಾವುದೋ ಕೇಕಿನ ಮೇಲೆ ನಿಂತು ಬಂದ ಮದುಮಕ್ಕಳು,
ಕಾಲಲ್ಲಿನ್ನೂ ಒಣಗಿದ ಕ್ರೀಮು.
"ಯೋಚಿಸಬೇಡಿ. ಕೈಗೆ ಬಂದದ್ದು ಇಡಿ."
ನನಗೆ ಜೋಡಿ ನೂರಫ್ಜಾ, ಟ್ಯಾನರಿ ರಸ್ತೆಯ ಆಸ್ಪತ್ರೆಯಲ್ಲಿ
ಪಾರ್ಶ್ವವಾಯು ಬಡಿದವರಿಗೆ ಮಾತು ಕಲಿಸುವವಳು.
ಇವತ್ತು ಅವಳ ಕೆಲಸ ಎದುರು ಕೂರುವುದು. ಬಾಯಿ ಬಿಡುವಂತಿಲ್ಲ.

ಮದುಮಕ್ಕಳನ್ನೇ ತಗೊಳ್ಳುತ್ತೇನೆ ಅಂದುಕೊಂಡಿದ್ದೆ.
ಕೈ ಆಟೋ ಎತ್ತಿತು.
ನಡುವೆ ಇಟ್ಟಿತು. ಸುತ್ತ ಬೇಲಿ.
ಆಮೇಲೆ ಹಿಡಿ ಹಿಡಿ ಮರಳು,
ಹಳದಿ ಟಾಪು ಕೂಡ ಕಾಣದ ಹಾಗೆ.

ಹುಡುಗ. ಒಂಬತ್ತು ವರ್ಷ. ಹೆಸರು ಬರೆಯುವ ಹಾಗಿಲ್ಲ,
ನಮ್ಮ ನಿಯಮ ಕವಿತೆಗೂ ಒಂದೇ.
ತಿಂಗಳಿಗೆರಡು ಭಾನುವಾರ ಅಪ್ಪನ ಜೊತೆ
ಎಂದು ಬರೆದುಕೊಟ್ಟವಳು ನಾನು.
ಎಲ್ಲಿಗೆ ಹೋಗಿದ್ರಿ, ಏನು ತಿಂದೆ, ಖುಷಿ ಆಯ್ತಾ,
ಪೆನ್ನು ಕೈಯಲ್ಲೇ.
ಅವನು ಕಿಟಕಿಯಾಚೆ ಆಟೋ ಎಣಿಸುತ್ತಿದ್ದ.
"ಮಗು ಸಹಕರಿಸುತ್ತಿಲ್ಲ" ಎಂದು ಬರೆದೆ, ದುಂಡಗೆ.
ಅಪ್ಪ ಬರುವುದು ನಿಲ್ಲಿಸಿದ ಮೇಲೂ ಎಣಿಸುತ್ತಿದ್ದನಂತೆ.

ನೂರಫ್ಜಾ ಹೇಳಿಕೊಟ್ಟ ಹಾಗೇ ಕೂತಿದ್ದಾಳೆ.
ಸಿಟ್ಟು ಬಂತು. ಏನಾದರೂ ಅನ್ನಬಾರದೆ ಈ ಹುಡುಗಿ?
ಕೆಳಗೆ ಹೊಲಿಗೆ ಯಂತ್ರ ನಿಂತು ನಿಂತು ಓಡುತ್ತಿತ್ತು.
ಅವಳು ಕೇಳಲಿಲ್ಲ.
ಕೇಳುತ್ತಿದ್ದಳು.

ಊಟಕ್ಕೆ ಬಿಸಿಬೇಳೆಬಾತು, ಉಗುರಸಂದಿಯಲ್ಲಿ ಕರಕರ.
ಸರ್ಟಿಫಿಕೇಟಿನಲ್ಲಿ ನನ್ನನ್ನು ಗಂಡಸು ಮಾಡಿದ್ದರು: ಶ್ರೀ ವಾರಿಜಾಕ್ಷ.
ತಿದ್ದಿಸಲು ಹೋಗಲಿಲ್ಲ.

ಸೋಮವಾರ. ಕೋಣೆಗೊಂದು ಟ್ರೇ ಬೇಕೆಂದರೆ ಮೂರು ಕೊಟೇಶನ್ನು.
ಕ್ಯಾಂಟೀನಿನ ಪುಟ್ಟಲಿಂಗಯ್ಯನ ಪರಾತ ತಂದೆ,
ಮನೆಯಿಂದ ಮೂರು ಸೇರು ರಾಗಿ.
ಬಂದವಳಿಗೆ ಆರು ವರ್ಷ. ಎರಡು ಜಡೆ, ಒಂದಕ್ಕೇ ರಿಬ್ಬನ್ನು.
ಹೆಣೆದವರು ಯಾರು ಎಂಬುದು ನಾಲಿಗೆ ತುದಿಗೆ ಬಂತು,
ನುಂಗಿದೆ.
ಮಣಿಕಟ್ಟಿನವರೆಗೆ ರಾಗಿಯಲ್ಲಿ ಕೈ ಇಳಿಸಿ
ಸುಮ್ಮನೆ ಇದ್ದಳು ಬಹಳ ಹೊತ್ತು.
ಆಮೇಲೆ ನನ್ನ ಸ್ಟೇಪ್ಲರು ತಗೊಂಡು
ಕನ್ನಡಕದ ಡಬ್ಬಿಯಲ್ಲಿ ಮಲಗಿಸಿ, ಮುಚ್ಚಿ, ಹೂತು,
ಮೇಲೆ ಅಂಗೈಯಲ್ಲಿ ತಟ್ಟಿದಳು, ತಟ್ಟುತ್ತಲೇ ಇದ್ದಳು,
ನಿದ್ದೆ ಬಾರದ ಕೂಸಿಗೆ ತಟ್ಟುತ್ತಾರಲ್ಲ, ಹಾಗೆ.
ಹೊರಗೆ ಜವಾನ ಮುಂದಿನ ಕೇಸು ಕೂಗಿದ.

ಅದು ಯಾರೆಂದು ನನಗೆ ಗೊತ್ತಿಲ್ಲ.
ಷರಾ ಕಾಲಮ್ಮು ಖಾಲಿ ಬಿಟ್ಟಿದ್ದೇನೆ.
"ಕಾಳು ಚೆಲ್ಲಿದೀರಲ್ಲ ಮೇಡಂ, ಇರುವೆ ಬತ್ತವೆ" ಎಂದು
ಗುಡಿಸುತ್ತಾ ಬೈದಳು ಮುನಿಲಕ್ಷ್ಮಮ್ಮ.
ಸ್ಟೇಪ್ಲರನ್ನು ಇನ್ನೂ ತೆಗೆದಿಲ್ಲ,
ಹಾಳೆಗಳಿಗೆ ಗುಂಡುಸೂಜಿ ಚುಚ್ಚುತ್ತಿದ್ದೇನೆ.
ಪುಟ್ಟಲಿಂಗಯ್ಯ ಬಾಗಿಲಿಗೆ ಬಂದು
ದಿನಾ ಪರಾತ ಕೇಳುತ್ತಾನೆ.